ಸಹಾಯ ಬೇಕು: ಕೆರೆ ಕಾಮಗಾರಿ ಆರಿಸುವುದು ಹೇಗೆ?

ನಮಸ್ಕಾರ. ಕೋಲಾರ ಜಿಲ್ಲೆಯ ನಮ್ಮ ಊರಿನ ಕೆರೆ ಸಂಘದ ಮುಂದೆ ಮೂರು ಪ್ರಸ್ತಾವಗಳಿವೆ: ಹೂಳೆತ್ತುವುದು, ರಾಜಕಾಲುವೆ ದುರಸ್ತಿ, ಹನಿ ನೀರಾವರಿಗೆ ನೆರವು. ಹಣ ಒಂದಕ್ಕೇ ಸಾಲುತ್ತದೆ. ಪ್ರತಿಯೊಂದಕ್ಕೂ ಅಂಕ ಹಾಕಿ ಆರಿಸೋಣ ಎನ್ನುವವರೇ ಹೆಚ್ಚು. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಇವು ಬಿಡಿಬಿಡಿಯಾಗಿಲ್ಲ. ಕಾಲುವೆ ಮುಚ್ಚಿಹೋಗಿದ್ದರೆ ಹೂಳೆತ್ತಿದ ಕೆರೆಗೆ ನೀರೆಲ್ಲಿಂದ ಬರಬೇಕು? ಹನಿ ನೀರಾವರಿಯಿಂದ ಉಳಿದ ನೀರನ್ನು ನಂಬಿ ಇನ್ನೊಂದೆರಡು ಎಕರೆ ಟೊಮೆಟೊ ಹಾಕಿದರೆ ಅಂತರ್ಜಲಕ್ಕೆ ದಕ್ಕುವುದೇನು? ಕೆರೆ ತುಂಬಿದರೆ ಹೊಸ ಕೊಳವೆಬಾವಿಗಳು ಬರುತ್ತವೆ, ಮತ್ತೆ ಮಟ್ಟ ಕುಸಿಯುತ್ತದೆ.

ಅಮೆರಿಕದ ಎಂಜಿನಿಯರ್ ಜೇ ಫಾರೆಸ್ಟರ್ 1950ರ ದಶಕದಲ್ಲಿ ರೂಪಿಸಿದ ಸಿಸ್ಟಮ್ ಡೈನಾಮಿಕ್ಸ್ (ಒಂದರ ಬದಲಾವಣೆ ಇನ್ನೊಂದನ್ನು ಬದಲಿಸಿ, ತಿರುಗಿ ಮೊದಲನೆಯದಕ್ಕೇ ತಟ್ಟುವುದನ್ನು ಲೆಕ್ಕಕ್ಕೆ ತರುವ ವಿಧಾನ) ಇಂಥ ಸುತ್ತುಗಳನ್ನೇ ಹಿಡಿಯುತ್ತದೆ. ಆದರೆ ಅದನ್ನು ರೈತರ ಸಭೆಯಲ್ಲಿ, ಕಂಪ್ಯೂಟರ್ ಇಲ್ಲದೆ, ಕಪ್ಪುಹಲಗೆಯ ಮೇಲೆ ಮಾಡಿಸಿದವರು ಯಾರಾದರೂ ಇದ್ದೀರಾ? ಇಂಗಿದ ನೀರು ಬಾವಿಯಲ್ಲಿ ಕಾಣಿಸುವವರೆಗಿನ ವಿಳಂಬವನ್ನು ಹೇಗೆ ತೋರಿಸಿದಿರಿ? ಬರೆದ ನಕ್ಷೆಯ ಫೋಟೊ ಇದ್ದರೆ ದಯವಿಟ್ಟು ಹಾಕಿ.