ತೆರೆದ ಆನ್‌ಲೈನ್ ಕೋರ್ಸ್‌ಗಳು: ವಿದ್ಯಾರ್ಥಿಗಳು ಕೊನೆಯವರೆಗೆ ಉಳಿಯುವಂತೆ ಕಲಿಕಾ ಬಳಗ ಕಟ್ಟುವುದು ಹೇಗೆ?

ಪ್ರಶ್ನೆ: ಪದವಿ ಕಾಲೇಜು ಅಧ್ಯಾಪಕಿ, ಹಾವೇರಿ ಜಿಲ್ಲೆ

ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ಉಚಿತ ಆನ್‌ಲೈನ್ ಕಲಿಕಾ ವೇದಿಕೆಯಾದ ‘ಸ್ವಯಂ’ನ 12 ವಾರಗಳ ಕೋರ್ಸ್‌ಗಳಿಗೆ ಉತ್ಸಾಹದಿಂದ ಹೆಸರು ನೋಂದಾಯಿಸುತ್ತಾರೆ. ಮೂರು-ನಾಲ್ಕನೆಯ ವಾರದ ಹೊತ್ತಿಗೆ ಬಹುಪಾಲು ಮಕ್ಕಳು ವಿಡಿಯೊ ನೋಡುವುದನ್ನೇ ಬಿಟ್ಟಿರುತ್ತಾರೆ. ಉಳಿದವರಿಗಾಗಿ ವಾಟ್ಸ್‌ಆ್ಯಪ್ ಗುಂಪೊಂದಿದೆ. ಅಸೈನ್‌ಮೆಂಟಿನ ಕೊನೆಯ ದಿನ ರಾತ್ರಿ ಅಲ್ಲಿ ‘1-ಎ, 2-ಸಿ, 3-ಬಿ’ ಎಂಬ ಸಾಲುಗಳು ಹರಿದಾಡುತ್ತವೆಯೇ ಹೊರತು, ಎರಡನೆಯದಕ್ಕೆ ‘ಸಿ’ ಏಕೆ ಎಂದು ಒಬ್ಬರೂ ಕೇಳುವುದಿಲ್ಲ. ಕೋರ್ಸಿನ ಚರ್ಚಾ ವೇದಿಕೆಗೆ ಹೋಗಲು ಇಂಗ್ಲಿಷಿನ ಅಳುಕು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಒಂದೇ ಕೋರ್ಸ್ ಓದುತ್ತಿರುವವರನ್ನು ಕೂಡಿಸಿ, ಕನ್ನಡದಲ್ಲಿ ಪ್ರಶ್ನೆ ಕೇಳಿ ಉತ್ತರ ಹೇಳಿಕೊಳ್ಳುವ ಬಳಗ ಕಟ್ಟಬೇಕೆಂದಿದ್ದೇನೆ. ಅನುಭವಸ್ಥರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಎಂಜಿನಿಯರಿಂಗ್ ಕಾಲೇಜು ಅಧ್ಯಾಪಕ, ಹುಬ್ಬಳ್ಳಿ

ಮೇಡಂ, ನಡುವೆ ಬಿಟ್ಟು ಹೋಗುವುದು ನಿಮ್ಮ ಕಾಲೇಜಿನ ಕೊರತೆಯಲ್ಲ. ಜಗತ್ತಿನಾದ್ಯಂತ ಇಂತಹ ಉಚಿತ ಕೋರ್ಸ್‌ಗಳನ್ನು ಪೂರ್ಣಗೊಳಿಸುವವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ನೀವು ಕಟ್ಟಬೇಕೆಂದಿರುವ ಬಳಗ ಈ ಪದ್ಧತಿಯ ಮೂಲದಲ್ಲೇ ಇತ್ತು ಎಂಬುದನ್ನು ನಾವು ಮರೆತಿದ್ದೇವೆ. 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಮೂಲಕ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಕೋರ್ಸಿಗೆ ಶುಲ್ಕ ಕಟ್ಟಿ ಸೇರಿದವರು ಸುಮಾರು 25 ಮಂದಿ, ಉಚಿತವಾಗಿ ಜೊತೆಗೂಡಿದವರು ಎರಡು ಸಾವಿರಕ್ಕೂ ಹೆಚ್ಚು. ಅವರು ತಂತಮ್ಮ ಬ್ಲಾಗ್‌ಗಳಲ್ಲಿ ಬರೆದರು. ಆ ಬರಹಗಳನ್ನು ಕಲೆಹಾಕಿ ದಿನವೂ ಎಲ್ಲರಿಗೂ ಕಳುಹಿಸಲಾಗುತ್ತಿತ್ತು. ಜ್ಞಾನವು ಒಬ್ಬನ ತಲೆಯಲ್ಲಿ ಮಾತ್ರ ಇರದೆ ಜನರ ನಡುವಿನ ಸಂಪರ್ಕಗಳಲ್ಲಿಯೂ ಇರುತ್ತದೆ ಎಂಬುದು ಅವರ ವಾದವಾಗಿತ್ತು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸಿಗೆ ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿಕೊಂಡ ಮೇಲೆ ವಿಡಿಯೊ ಮತ್ತು ತಾನಾಗಿ ಅಂಕ ಬೀಳುವ ಪರೀಕ್ಷೆಗಳೇ ಮುಂದಾದವು, ಮಾತುಕತೆ ಹಿಂದೆ ಬಿತ್ತು. ‘ಸ್ವಯಂ’ನಲ್ಲಿ ಸಿಗುವ, ಐಐಟಿ ಮತ್ತು ಐಐಎಸ್‌ಸಿಗಳು ನಡೆಸುವ ನಮ್ಮ ಎನ್‌ಪಿಟೆಲ್ ಕೋರ್ಸ್‌ಗಳದೂ ಬಹುಮಟ್ಟಿಗೆ ಈ ಎರಡನೆಯ ಮಾದರಿ.

ಹಾಗಾಗಿ ಬಳಗವನ್ನು ನಾವೇ ಕಟ್ಟಿಕೊಳ್ಳಬೇಕು. ನಮ್ಮ ಕಾಲೇಜಿನ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇದೆ: ಅಸೈನ್‌ಮೆಂಟಿನ ಗಡುವು ಮುಗಿಯುವವರೆಗೆ ಉತ್ತರದ ಅಕ್ಷರ ಹಾಕುವಂತಿಲ್ಲ, ಪರಿಕಲ್ಪನೆಯ ಬಗ್ಗೆ ಮಾತ್ರ ಕೇಳಬಹುದು. ಗಡುವು ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಸಂಗತಿಯನ್ನು ತಮ್ಮದೇ ಮಾತಿನಲ್ಲಿ ಬರೆಯಬೇಕು. ಷರತ್ತುಬದ್ಧ ಸಂಭವನೀಯತೆಯ (ಒಂದು ಸಂಗತಿ ತಿಳಿದ ಮೇಲೆ ಇನ್ನೊಂದರ ಸಂಭವವೆಷ್ಟು ಎಂಬುದರ) ವಾರದಲ್ಲಿ ಬ್ಯಾಡಗಿ ಕಡೆಯ ಹುಡುಗನೊಬ್ಬ ಮೆಣಸಿನಕಾಯಿ ಮಾರುಕಟ್ಟೆಯ ಲೆಕ್ಕವನ್ನೇ ಬರೆದ. ಕಡ್ಡಿ, ಡಬ್ಬಿ ಎಂಬುವು ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳು. ನೂರು ಚೀಲಗಳಲ್ಲಿ 60 ಕಡ್ಡಿ, 40 ಡಬ್ಬಿ. ತೇವ ಹಿಡಿದವು ಕಡ್ಡಿಯಲ್ಲಿ 6, ಡಬ್ಬಿಯಲ್ಲಿ 8. ಡಬ್ಬಿ ಚೀಲ ಎಂದು ತಿಳಿದ ಮೇಲೆ ಅದು ತೇವವಾಗಿರುವ ಸಂಭವ 40ರಲ್ಲಿ 8, ಅಂದರೆ ಐದರಲ್ಲಿ ಒಂದು. ತೇವದ ಚೀಲ ಎಂದು ತಿಳಿದ ಮೇಲೆ ಅದು ಡಬ್ಬಿಯಾಗಿರುವ ಸಂಭವ 14ರಲ್ಲಿ 8, ಅಂದರೆ ಏಳರಲ್ಲಿ ನಾಲ್ಕು. ಇವೆರಡೂ ಒಂದೇ ಎಂದು ಭಾವಿಸಿ ಅಂಕ ಕಳೆದುಕೊಂಡಿದ್ದವರು ಗುಂಪಿನಲ್ಲಿ ಬಹಳ ಜನರಿದ್ದರು. ಒಬ್ಬಳು ಕೂಡಲೇ ಕೇಳಿದಳು: ಕಡ್ಡಿಯ ಚೀಲಗಳೇ ಹೆಚ್ಚಿದ್ದರೂ ತೇವದ ಚೀಲ ಡಬ್ಬಿಯದಾಗಿರುವ ಸಂಭವ ಹೆಚ್ಚಾದುದು ಹೇಗೆ? ಅಲ್ಲಿಂದ ನಾವು, ಇಂತಹ ಒಂದು ಸಂಭವದಿಂದ ಅದರ ತಿರುವುಮುರುವಾದ ಸಂಭವವನ್ನು ಲೆಕ್ಕಹಾಕುವ ಬೇಯ್ಸ್ ಪ್ರಮೇಯಕ್ಕೆ ಬಂದೆವು, ಮೇಷ್ಟ್ರು ಅದನ್ನು ವಿಡಿಯೊದಲ್ಲಿ ಹೇಳುವ ಮೊದಲೇ.

ಪ್ರಮಾಣಪತ್ರದ ಬಗ್ಗೆಯೂ ಮಕ್ಕಳಿಗೆ ಮೊದಲೇ ತಿಳಿಸಿ. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರದಲ್ಲಿ ಕುಳಿತು ಬರೆಯುವ ಪರೀಕ್ಷೆಗೆ 75 ಅಂಕ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ನಕಲು ಮಾಡಿದ ‘1-ಎ, 2-ಸಿ’ ಆ 75ರ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ.

ಉತ್ತರ 2: ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ

ಮೇಲಿನವರ ಮಾತಿಗೆ ನನ್ನ ಸಹಮತವಿದೆ, ಆದರೆ ಪ್ರತಿಯೊಬ್ಬರೂ ಪ್ರತಿವಾರ ಬರೆಯಲೇಬೇಕು ಎಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಆರಂಭವಾದಾಗ ಗಣಿತ, ವಿಜ್ಞಾನ, ಸಮಾಜವಿಜ್ಞಾನಕ್ಕೆ ಪ್ರತ್ಯೇಕ ಇ-ಮೇಲ್ ಗುಂಪುಗಳಿದ್ದವು. ಅದರೊಂದಿಗೆ ಶಿಕ್ಷಕರೇ ಪಾಠ ಸಾಮಗ್ರಿ ಸೇರಿಸಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ಬಂತು. ಬರೆಯುತ್ತಿದ್ದವರು ಕೆಲವರೇ, ಓದಿ, ಮರುದಿನ ತರಗತಿಯಲ್ಲಿ ಬಳಸುತ್ತಿದ್ದವರು ಬಹಳ ಜನ. ಸುಮ್ಮನಿರುವವರನ್ನು ಕಲಿಯದವರೆಂದು ಎಣಿಸಬಾರದು. ಒತ್ತಾಯಿಸಿದರೆ ಅವರು ಬೇರೆಯವರ ಬರಹವನ್ನೇ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ, ಆಗ ನೀವು ಬೇಡವೆಂದ ನಕಲೇ ಇನ್ನೊಂದು ರೂಪದಲ್ಲಿ ಬರುತ್ತದೆ.

ನನ್ನ ಮಟ್ಟಿಗೆ ಮುಖ್ಯವಾದದ್ದು, ಕೇಳಿದ ಪ್ರಶ್ನೆಗೆ ಅಂದು ಸಂಜೆಯೊಳಗೆ ಯಾರಾದರೊಬ್ಬರು ಸ್ಪಂದಿಸುವುದು. ಮೊದಲ ಪ್ರಶ್ನೆಗೆ ಉತ್ತರ ಸಿಗದವರು ಎರಡನೆಯದನ್ನು ಕೇಳುವುದಿಲ್ಲ. ಮೂರು ಊರುಗಳಿಂದ ಒಬ್ಬೊಬ್ಬ ಅಧ್ಯಾಪಕರು ಸರದಿಯಂತೆ ಈ ಹೊಣೆ ಹೊರಬೇಕು. ಮತ್ತೊಂದು ಮಾತು: ಟಿಪ್ಪಣಿಗಳೆಲ್ಲ ಯಾವ ಸಾಧನದಲ್ಲಾದರೂ ಓದಬಹುದಾದ ಯೂನಿಕೋಡ್ ಅಕ್ಷರಗಳಲ್ಲಿಯೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ನಮ್ಮ ಎಷ್ಟೋ ಕಡತಗಳನ್ನು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ತೆರೆದರೆ ಕನ್ನಡ ಅಕ್ಷರಗಳೇ ಕಾಣುವುದಿಲ್ಲ.

ಉತ್ತರ 3: ಕೆಲಸ ಮಾಡುತ್ತ ಓದುತ್ತಿರುವವಳು, ಗದಗ

ಕಲಿಯುವವರ ಕಡೆಯಿಂದ ಒಂದು ಸಲಹೆ. ‘ಐದನೆಯ ವಾರ ತಿಳಿಯಲಿಲ್ಲ’ ಎಂದು ಬರೆದರೆ ಯಾರೂ ಉತ್ತರಿಸಲಾರರು. ಯಾವ ಪಾಠ, ಎಷ್ಟನೆಯ ನಿಮಿಷ, ಬೋರ್ಡಿನ ಯಾವ ಸಾಲಿನವರೆಗೆ ತಿಳಿಯಿತು ಎಂದು ಬರೆದು, ನೋಟ್‌ಬುಕ್ಕಿನಲ್ಲಿ ಮಾಡಿದ ಲೆಕ್ಕದ ಫೋಟೊ ಹಾಕಿದಾಗ ನನಗೆ ಉತ್ತರ ಬೇಗ ಸಿಕ್ಕಿದೆ. ಹಾಗೆ ಬರೆಯುವಾಗಲೇ ಎಡವಿದ ಜಾಗ ಕಂಡದ್ದೂ ಉಂಟು. ಕೆಲವು ಎನ್‌ಪಿಟೆಲ್ ಕೋರ್ಸ್‌ಗಳ ಪಾಠಗಳು ಕನ್ನಡಕ್ಕೂ ಅನುವಾದಗೊಂಡಿವೆ. ಕೋರ್ಸ್ ಆಯ್ದುಕೊಳ್ಳುವಾಗ ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ಗಡುವಿಗೆ ಮುನ್ನ ಉತ್ತರ ಹಾಕಬಾರದೆಂಬ ನಿಯಮವನ್ನು ಇಟ್ಟುಕೊಳ್ಳುತ್ತೇನೆ. ಬರೆಯುವುದನ್ನು ಮಾತ್ರ ಧಾರವಾಡದ ಗುರುಗಳು ಹೇಳಿದಂತೆ ಇಷ್ಟವಿದ್ದವರಿಗೆ ಬಿಡುತ್ತೇನೆ. ಜುಲೈ ಅವಧಿಯ ಸಂಖ್ಯಾಶಾಸ್ತ್ರ ಕೋರ್ಸಿನಿಂದ ಆರಂಭಿಸುವ ವಿಚಾರವಿದೆ. ಸಂಜೆಯ ಸರದಿಗೆ ಹಾವೇರಿಯಿಂದ ನಾನಿದ್ದೇನೆ; ಹುಬ್ಬಳ್ಳಿಯ ಸರ್ ಒಪ್ಪಿದರೆ ಇಬ್ಬರಾಗುತ್ತೇವೆ. ಗದಗಿನ ಅಧ್ಯಾಪಕರು ಯಾರಾದರೂ ಮುಂದೆ ಬರುವುದಾದರೆ ಇಲ್ಲಿಯೇ ತಿಳಿಸಬೇಕಾಗಿ ಕೋರುತ್ತೇನೆ.