ಸರ್ಪಸುತ್ತು ವಾಸಿಯಾದರೂ ಉರಿ ಏಕೆ ಹೋಗುತ್ತಿಲ್ಲ? ನೋವಿನ ಬಗೆಗಳ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಸವಿತಾ, ರಾಣೆಬೆನ್ನೂರು): ನಮಸ್ಕಾರ ಡಾಕ್ಟರೇ. ನಮ್ಮ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆ ಮತ್ತು ಬಿಪಿ ಇವೆ, ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಾರೆ. ನಾಲ್ಕು ತಿಂಗಳ ಹಿಂದೆ ಎದೆಯ ಎಡಭಾಗದಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತ್ತು. ಮೊದಲ ವಾರ ಊರಿನಲ್ಲಿ ಕೆಮ್ಮಣ್ಣು ಹಚ್ಚಿಸಿ, ಆಮೇಲೆ ವೈದ್ಯರಲ್ಲಿಗೆ ಹೋದೆವು. ಗುಳ್ಳೆಗಳು ಒಣಗಿ ಈಗ ಕಲೆ ಮಾತ್ರ ಉಳಿದಿದೆ. ಆದರೆ ಆ ಜಾಗದ ಉರಿ, ನಡುನಡುವೆ ಕರೆಂಟ್ ಹೊಡೆದಂತಹ ಚಳುಕು ನಿಂತಿಲ್ಲ. ಸೀರೆಯ ಸೆರಗು ತಾಗಿದರೂ ಸಹಿಸಲಾರರು, ಫ್ಯಾನ್ ಹಾಕಲು ಬಿಡುವುದಿಲ್ಲ. ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫೆನಾಕ್ ಮಾತ್ರೆಯನ್ನು ದಿನಕ್ಕೆರಡು ಕೊಡುತ್ತಿದ್ದೇವೆ, ಗುಣ ಕಾಣುತ್ತಿಲ್ಲ. ಇದಕ್ಕಿಂತ ಪವರ್ ಇರುವ ಮಾತ್ರೆ ಇದೆಯೇ?

ಉತ್ತರ (ನೋವು ಚಿಕಿತ್ಸಾ ತಜ್ಞರು): ಸವಿತಾ ಅವರೇ, ಕೊರತೆ ಇರುವುದು ಮಾತ್ರೆಯ ಪವರಿನಲ್ಲಲ್ಲ; ಆ ಮಾತ್ರೆ ಈ ಬಗೆಯ ನೋವಿಗೆ ಸೇರಿದ್ದೇ ಅಲ್ಲ. ಕಾಲು ಉಳುಕಿದಾಗ, ಹಲ್ಲು ಕೀವಾದಾಗ, ಮಂಡಿ ಸವೆದು ಊದಿಕೊಂಡಾಗ ಪೆಟ್ಟಾದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ಅಲ್ಲಿನ ನರತುದಿಗಳನ್ನು ಕೆರಳಿಸುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದವು ಅವು ತಯಾರಾಗುವುದನ್ನೇ ತಡೆಯುತ್ತವೆ, ನೋವು ತಗ್ಗುತ್ತದೆ. ನಿಮ್ಮ ತಾಯಿಯವರಲ್ಲಾದರೋ ಚರ್ಮ ವಾಸಿಯಾಗಿದೆ. ಕೆಟ್ಟಿರುವುದು ಚರ್ಮದ ಸುದ್ದಿಯನ್ನು ಒಯ್ಯುವ ನರ. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದೇ ನರದ ಗುಂಟ ಹೊರಬರುತ್ತದೆ. ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುವುದು ಆ ಕಾರಣಕ್ಕೆ. (ಸುತ್ತು ಕೂಡಿಕೊಂಡರೆ ಪ್ರಾಣಕ್ಕೆ ಕುತ್ತು ಎಂಬ ಮಾತಿಗೆ ಯಾವ ಆಧಾರವೂ ಇಲ್ಲ.) ಜಖಂಗೊಂಡ ನರ, ಯಾರೂ ಗುಂಡಿ ಒತ್ತದಿದ್ದರೂ ಬಾರಿಸುತ್ತಲೇ ಇರುವ ಕರೆಗಂಟೆಯಂತೆ ತಾನಾಗಿಯೇ ಸಂಕೇತ ಕಳಿಸುತ್ತಿರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ದುಬಾರಿ ಸ್ಕ್ಯಾನ್ ಬೇಕಾಗುವುದಿಲ್ಲ. ಹತ್ತಿಯ ಎಳೆಯೊಂದನ್ನು ಕಲೆಯ ಮೇಲೆ ಮೆಲ್ಲಗೆ ಸವರಿದಾಗ ರೋಗಿ ಬೆಚ್ಚಿ ಹಿಂದೆ ಸರಿಯುತ್ತಾರೆ. ಅಲ್ಲೇ ಎರಡು ಬೆರಳಿನಾಚೆ ಪಿನ್ನಿನ ಮೊನೆ ಮುಟ್ಟಿಸಿದರೆ ಕೆಲವರಿಗೆ ಗೊತ್ತೇ ಆಗುವುದಿಲ್ಲ. ಸೆರಗು ತಾಗಿದರೆ ಉರಿಯುವುದು, ಪಿನ್ನು ಚುಚ್ಚಿದರೂ ತಿಳಿಯದಿರುವುದು, ಎರಡೂ ಒಟ್ಟಿಗೆ ಇದ್ದರೆ ಅದು ನರದ ನೋವೇ.

ಇದಕ್ಕೆ ಬಳಸುವ ಔಷಧಿಗಳೇ ಬೇರೆ: ಅಮಿಟ್ರಿಪ್ಟಿಲಿನ್ ಗುಂಪಿನವು, ಗ್ಯಾಬಪೆಂಟಿನ್ ಅಥವಾ ಪ್ರೀಗ್ಯಾಬಲಿನ್. ಮೊದಲನೆಯದು ಖಿನ್ನತೆಗೂ ಉಳಿದವು ಫಿಟ್ಸ್‌ಗೂ ಕೊಡುವ ಔಷಧಿಗಳಾದ್ದರಿಂದ, ಡಬ್ಬಿಯೊಳಗಿನ ಹಾಳೆ ಓದಿ ಗಾಬರಿಯಾಗಿ ಎರಡೇ ದಿನಕ್ಕೆ ನಿಲ್ಲಿಸುವವರು ಬಹಳ. ಇಲ್ಲಿ ಅವು ನರದ ಅತಿಯಾದ ಸಂಕೇತಗಳನ್ನು ತಗ್ಗಿಸಲಿಕ್ಕಾಗಿ ಇವೆ. ಪರಿಣಾಮ ತಿಳಿಯಲು ಕೆಲವು ವಾರ ಬೇಕು, ಮತ್ತು ನೋವು ಅರ್ಧಕ್ಕೆ ಇಳಿದರೂ ಚಿಕಿತ್ಸೆ ಫಲಿಸಿದೆ ಎಂದೇ ನಾವು ಲೆಕ್ಕ ಹಾಕುತ್ತೇವೆ. ಪ್ರಮಾಣ ನಿರ್ಧರಿಸುವ ಮೊದಲು ತಾಯಿಯವರ ಕ್ರಿಯಾಟಿನಿನ್ ಪರೀಕ್ಷೆ (ಮೂತ್ರಪಿಂಡದ ಕೆಲಸವನ್ನು ತಿಳಿಸುವ ರಕ್ತಪರೀಕ್ಷೆ) ಮತ್ತು ಇಸಿಜಿ ಮಾಡಿಸಿಕೊಳ್ಳಿ. ವಯಸ್ಸಾದವರಲ್ಲಿ ಇವು ಮಂಪರು ತರುವುದರಿಂದ ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತಾರೆ. ರಾತ್ರಿ ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ. ಚರ್ಮದ ಮೇಲೆ ಅಂಟಿಸುವ, ಆ ಜಾಗವನ್ನು ಮರಗಟ್ಟಿಸುವ 5% ಲಿಡೊಕೇನ್ ಪಟ್ಟಿಯ ಬಗ್ಗೆಯೂ ವೈದ್ಯರನ್ನು ಕೇಳಿ.

ಡೈಕ್ಲೊಫೆನಾಕ್ ಅನ್ನು ಇಂದೇ ನಿಲ್ಲಿಸಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರಲ್ಲೂ ಟೆಲ್ಮಿಸಾರ್ಟಾನ್ ಜೊತೆ ಸೇರಿದಾಗ, ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು: ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ವಿರುದ್ಧದ ಮಾತ್ರೆ ಆರಂಭಿಸಿದರೆ ಹೆಚ್ಚು ಪ್ರಯೋಜನ, ಕೆಮ್ಮಣ್ಣು ಆ ಮೂರು ದಿನಗಳನ್ನು ತಿಂದುಹಾಕುತ್ತದೆ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆಯೂ 2023ರಿಂದ ಭಾರತದಲ್ಲಿ ಸಿಗುತ್ತಿದೆ. ಬೆಲೆ ಹೆಚ್ಚೆಂಬುದು ನಿಜ.

ಪ್ರಶ್ನೆ (ಮಂಜುನಾಥ, ತುಮಕೂರು): ಸರ್, ನೋವಿಗೆ ಬಿಸಿ ಶಾಖ ಒಳ್ಳೆಯದೋ, ಐಸ್ ಒಳ್ಳೆಯದೋ?

ಉತ್ತರ: ಹೊಸದಾಗಿ ಉಳುಕಿ ಊದಿಕೊಂಡಿದ್ದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಹಳೆಯ ಸೊಂಟನೋವು, ಬೆಳಗಿನ ಬಿಗಿತಕ್ಕೆ ಬಿಸಿ ಶಾಖ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಮಾತ್ರ ಕಾಲಿಗೆ ಬಿಸಿ ನೀರಿನ ಚೀಲ ಇಡಲೇಬಾರದು, ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ.

ಪ್ರಶ್ನೆ (ಹೆಸರು ಬೇಡ, ಮೈಸೂರು): ನನಗೆ 41 ವರ್ಷ. ಎರಡು ವರ್ಷಗಳಿಂದ ಮೈಯೆಲ್ಲ ನೋವು, ನಿದ್ದೆ ಮಾಡಿ ಎದ್ದರೂ ದಣಿವು. ರಕ್ತಪರೀಕ್ಷೆ, ಎಂಆರ್‌ಐ ಎಲ್ಲ ನಾರ್ಮಲ್. ಇದು ಮನಸ್ಸಿನ ಕಾಯಿಲೆ ಎಂದು ಮನೆಯವರು ಹೇಳುತ್ತಾರೆ.

ಉತ್ತರ: ರಿಪೋರ್ಟ್ ನಾರ್ಮಲ್ ಎಂದಾಕ್ಷಣ ನೋವು ಸುಳ್ಳಾಗುವುದಿಲ್ಲ. ಅಂಗಾಂಶಕ್ಕೂ ನರಕ್ಕೂ ಪೆಟ್ಟಿಲ್ಲದೆ, ಮಿದುಳು ಮತ್ತು ಬೆನ್ನುಹುರಿಗಳು ನೋವನ್ನು ಗ್ರಹಿಸುವ ರೀತಿಯೇ ಬದಲಾಗುವ ಮೂರನೆಯ ಬಗೆಯೊಂದನ್ನು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2017ರಲ್ಲಿ ಪ್ರತ್ಯೇಕವಾಗಿ ಗುರುತಿಸಿತು. ಮೈಯೆಲ್ಲ ನೋವು, ದಣಿವು ತರುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆ ಈ ಗುಂಪಿಗೆ ಸೇರುತ್ತದೆ. ಆದರೆ ಥೈರಾಯ್ಡ್ ಮತ್ತು ವಿಟಮಿನ್ ಡಿ ನೋಡಿಸಿದ ಮೇಲಷ್ಟೇ ಆ ಹೆಸರು ಇಡಬೇಕು. ಇಲ್ಲಿ ನೋವಿನ ಮಾತ್ರೆಗಳ ಪಾಲು ತೀರ ಚಿಕ್ಕದು. ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ ವಾರವಾರವೂ ಸ್ವಲ್ಪಸ್ವಲ್ಪವೇ ಏರಿಸುವುದು, ನಿದ್ದೆಯನ್ನು ಸರಿಪಡಿಸುವುದು ಮುಖ್ಯ ಚಿಕಿತ್ಸೆ. ಮೈ ಹಗುರವೆನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಹೋಗಿ ಮರುದಿನ ಹಾಸಿಗೆ ಹಿಡಿಯುವುದು ಸಾಮಾನ್ಯ, ಅದನ್ನು ತಪ್ಪಿಸಿ.

ಪ್ರಶ್ನೆ (ಬಸವರಾಜ, ಧಾರವಾಡ): ನಮ್ಮ ದೊಡ್ಡಪ್ಪನವರಿಗೆ ಬಾಯಿಯ ಕ್ಯಾನ್ಸರ್. ವೈದ್ಯರು ಮಾರ್ಫಿನ್ ಮಾತ್ರೆ ಬರೆದಿದ್ದಾರೆ. ಚಟ ಹತ್ತುತ್ತದೆ, ಅದು ಕೊನೆಗಾಲದ ಔಷಧಿ ಎಂದು ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ.

ಉತ್ತರ: ಬಸವರಾಜ ಅವರೇ, ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಮಾರ್ಫಿನ್ ಅನ್ನು ಶಿಫಾರಸು ಮಾಡಿದ್ದು 1986ರಲ್ಲಿ. ಅದರ ಹಿಂದಿನ ವರ್ಷವೇ ಬಂದಿದ್ದ ನಮ್ಮ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ಅದು ಇಲ್ಲಿನ ರೋಗಿಗಳಿಗೆ ಸಿಗುವುದೇ ದುಸ್ತರವಾಗಿತ್ತು; 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು. ಈಗಲೂ ಹೆಚ್ಚಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲೇ ಸಿಗುವುದರಿಂದ, ಬರೆದುಕೊಟ್ಟ ವೈದ್ಯರು ಸಿಕ್ಕಿರುವುದೇ ನಿಮ್ಮ ಅದೃಷ್ಟ. ತೀವ್ರ ನೋವಿಗಾಗಿ, ವೈದ್ಯರ ಲೆಕ್ಕದಂತೆ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಲ್ಲಿ ಚಟ ಅಂಟುವುದು ಅಪರೂಪ. ದೇಹ ಅದಕ್ಕೆ ಒಗ್ಗಿಕೊಳ್ಳುವುದು ಬೇರೆ ವಿಚಾರ, ನಿಲ್ಲಿಸಬೇಕಾದಾಗ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಕೊನೆಗಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ನೋವು ತಗ್ಗಿದರೆ ಅವರು ಎರಡು ತುತ್ತು ಉಣ್ಣಬಹುದು, ಮಲಗಬಹುದು, ರೇಡಿಯೇಷನ್‌ಗೆ ಮೇಜಿನ ಮೇಲೆ ಅಲುಗಾಡದೆ ಮಲಗಿರಲೂ ಆಗುತ್ತದೆ.

ನೋವು ಬಂದಾಗ ಕೊಡುವ ಮಾತ್ರೆಯಲ್ಲ ಇದು. ಸಾಧಾರಣ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುವುದರಿಂದ, ನೋವು ಮರಳುವ ಮೊದಲೇ ಗಡಿಯಾರ ನೋಡಿ ಕೊಡಬೇಕು. ವಾಕರಿಕೆ ಕೆಲವು ದಿನಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ, ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿಯನ್ನು ಜೊತೆಗೆ ಬರೆಸಿಕೊಳ್ಳಿ. ವಿಪರೀತ ಮಂಪರು ಬಂದರೆ, ಉಸಿರಾಟ ನಿಧಾನವಾದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿ, ಉಳಿದದ್ದನ್ನು ಆಸ್ಪತ್ರೆಗೇ ಹಿಂದಿರುಗಿಸಿ.