ಎರಡು ಡೀಸೆಲ್ ಜನರೇಟರ್ ಇದ್ದರೆ 0.02 × 0.02 ಅಂತ ಗುಣಿಸಬಹುದಾ?

ಚೆಂಬೂರಿನ ವಿದ್ಯಾರ್ಥಿ
ಎಂ.ಟೆಕ್ ಪ್ರಾಜೆಕ್ಟಿಗೆ ಒಂದು ಕಾಲ್ಪನಿಕ ಅಣು ವಿದ್ಯುತ್ ಸ್ಥಾವರದ ತುರ್ತು ವಿದ್ಯುತ್ ವ್ಯವಸ್ಥೆಯ ಫಾಲ್ಟ್ ಟ್ರೀ (ಯಾವ್ಯಾವ ದೋಷ ಸೇರಿ ವ್ಯವಸ್ಥೆ ಕೈಕೊಡುತ್ತದೆ ಅನ್ನುವ ಮರದಂಥ ನಕ್ಷೆ) ಬರೆಯುತ್ತಿದ್ದೇನೆ. ಗ್ರಿಡ್ ಹೋದರೆ ಎರಡು ಡೀಸೆಲ್ ಜನರೇಟರ್‌ಗಳಲ್ಲಿ ಒಂದು ನಡೆದರೂ ಸಾಕು. ಒಂದೊಂದೂ ಕೈಕೊಡುವ ಸಂಭವ 0.02. ಆ್ಯಂಡ್ ಗೇಟ್ (ಎರಡೂ ಕೈಕೊಟ್ಟರೆ ಮಾತ್ರ ಅನ್ನುವ ಜೋಡಣೆ) ಹಾಕಿದರೆ 0.0004. ಗೈಡ್ ಒಪ್ಪಲಿಲ್ಲ. ಮೂರನೆಯದನ್ನು ಸೇರಿಸಿದೆ, 0.000008 ಬಂತು, ಅದನ್ನಂತೂ ನೋಡಲೂ ಇಲ್ಲ. ತಪ್ಪಿದ್ದೆಲ್ಲಿ?

ಮಾನ್‌ಖುರ್ದ್ ಲೋಕಲ್
ಗುಣಾಕಾರ ಸರಿ, ಅದರ ಹಿಂದಿನ ಊಹೆ ತಪ್ಪು. ಒಂದು ಕೆಟ್ಟದ್ದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವೇ ಇಲ್ಲ ಅಂತ ಹಿಡಿದಿದ್ದೀರಿ. ಎರಡಕ್ಕೂ ಒಂದೇ ಟ್ಯಾಂಕರಿನ ಡೀಸೆಲ್ ಬಂದು ಅದರಲ್ಲಿ ನೀರಿದ್ದರೆ? ಒಬ್ಬನೇ ತಂತ್ರಜ್ಞ ಎರಡರ ರಿಲೇಯನ್ನೂ ಒಂದೇ ತಪ್ಪು ಮಟ್ಟಕ್ಕೆ ಸೆಟ್ ಮಾಡಿದ್ದರೆ? ಇದನ್ನೇ ಕಾಮನ್ ಕಾಸ್ ಫೇಲ್ಯೂರ್ ಅನ್ನುವುದು.

ಸುಲಭದ ದಾರಿ ಬೀಟಾ ಫ್ಯಾಕ್ಟರ್, ಅಂದರೆ ಒಟ್ಟು ವೈಫಲ್ಯದಲ್ಲಿ ಎಲ್ಲವನ್ನೂ ಒಟ್ಟಿಗೆ ಕೆಡಿಸುವ ಭಾಗ ಎಷ್ಟು ಅನ್ನುವುದು. ಬೀಟಾ 0.05 ಅಂದುಕೊಳ್ಳಿ. 0.02 ರಲ್ಲಿ 0.001 ಎರಡನ್ನೂ ಒಟ್ಟಿಗೆ ಕೆಡಿಸುವ ಪಾಲು, ಉಳಿದ 0.019 ಸ್ವತಂತ್ರ. ಮೊತ್ತ 0.001 + 0.019² = ಸುಮಾರು 0.00136. ನಿಮ್ಮ ಉತ್ತರದ ಮೂರು ಪಟ್ಟಿಗೂ ಹೆಚ್ಚು! ಮೂರನೆಯದು ಬಂದರೆ 0.001 + 0.019³, ಅಂದರೆ 0.001ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಲೆಕ್ಕ ಆ ನೆಲದ ಕೆಳಗೆ ಇಳಿಯುವುದೇ ಇಲ್ಲ. ಮೂರು-ನಾಲ್ಕು ಯಂತ್ರಗಳಿಗೆ ಈ ಮಾದರಿ ಸಂಭವವನ್ನು ಸ್ವಲ್ಪ ಹೆಚ್ಚಾಗಿಯೇ ತೋರಿಸುತ್ತದೆ. ಆಗ ಎರಡು ಕೆಡುವುದು, ಮೂರು ಕೆಡುವುದು ಅಂತ ಬೇರೆ ಬೇರೆ ಪಾಲು ಕೊಡುವ ಆಲ್ಫಾ ಫ್ಯಾಕ್ಟರ್ ನೋಡಿ.

ವಾಶಿ ಸೇತುವೆ
ಲೆಕ್ಕಕ್ಕೆ ಮುಂಚೆ ನಕ್ಷೆ ನೋಡಬೇಕು. ಮುಂಬಯಿಯ ಎಷ್ಟೋ ಸೊಸೈಟಿಗಳ ಬೇಸ್‌ಮೆಂಟಿನಲ್ಲಿ ಎರಡು ಪಂಪ್ ಇರುತ್ತವೆ, ಪ್ಯಾನೆಲ್ ಒಂದೇ, ಅದೂ ನೆಲಮಟ್ಟದಲ್ಲಿ. ಜುಲೈ ಮಳೆಗೆ ಎರಡಲ್ಲ, ಹತ್ತು ಪಂಪ್ ಇದ್ದರೂ ಅಷ್ಟೇ.

1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿತು. ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರಕ್ಕೆ ವಿದ್ಯುತ್ತೇ ಇರಲಿಲ್ಲ. ಡೀಸೆಲ್‌ನಿಂದ ನಡೆಯುವ ಅಗ್ನಿಶಾಮಕ ಪಂಪ್‌ನಿಂದ ಸ್ಟೀಮ್ ಜನರೇಟರಿಗೆ ನೀರು ಕೊಟ್ಟು ಉಳಿಸಿಕೊಂಡರು. ಫುಕುಶಿಮಾದಲ್ಲಿ 2011ರಲ್ಲಿ ಡೀಸೆಲ್‌ಗಳು ಚಾಲೂ ಆಗಿದ್ದವು, ಮುಳುಗಿಸಿದ್ದು ಸುನಾಮಿ. ಆರನೇ ಘಟಕದ ಗಾಳಿಯಿಂದ ತಣ್ಣಗಾಗುವ ಒಂದು ಜನರೇಟರ್ ಉಳಿದು 5 ಮತ್ತು 6ನೇ ಘಟಕಗಳನ್ನು ಕಾಪಾಡಿತು. ಬೇರೆ ಜಾಗ, ಬೇರೆ ತಂಪು ವ್ಯವಸ್ಥೆ: ಬೀಟಾ ಇಳಿಯುವುದು ಹೀಗೆ.

ಹಾಗಾಗಿ ಕೇಬಲ್ ದಾರಿ, ಕೋಣೆ, ಬ್ಯಾಟರಿ, ತಂಪು ನೀರಿನ ಮೂಲ ಇವೆಲ್ಲ ಎರಡಕ್ಕೂ ಬೇರೆ ಇವೆಯಾ ಅಂತ ಒಂದೊಂದಾಗಿ ಗುರುತು ಹಾಕಿ. ಹಂಚಿಕೊಂಡದ್ದು ಸಿಕ್ಕರೆ ಅದನ್ನು ಬೀಟಾದೊಳಗೆ ತುರುಕಬೇಡಿ, ಫಾಲ್ಟ್ ಟ್ರೀಯಲ್ಲಿ ಬೇರೆ ಬೇಸಿಕ್ ಇವೆಂಟ್ (ಮರದ ತುದಿಯ ಮೂಲ ದೋಷ) ಮಾಡಿ.

ಚೆಂಬೂರಿನ ವಿದ್ಯಾರ್ಥಿ
ಅರ್ಥವಾಯ್ತು. ಆದರೆ 0.02 ಹೇಗೆ ಸಮರ್ಥಿಸಲಿ? ಇನ್ನೊಂದು: ದತ್ತಾಂಶದಲ್ಲಿ 60 ಸಲ ಸ್ಟಾರ್ಟ್, ಒಂದೂ ವಿಫಲವಿಲ್ಲ. ಸೊನ್ನೆ ಅಂತ ಬರೆಯಲಾ?

ಮಾನ್‌ಖುರ್ದ್ ಲೋಕಲ್
ಸೊನ್ನೆ ಬರೆಯಬೇಡಿ ಮಾರಾಯ್ರೇ! ಜೆಫ್ರೀಸ್ ಪ್ರಯರ್ (ದತ್ತಾಂಶಕ್ಕೆ ಮುಂಚಿನ ಊಹೆ; ಇಲ್ಲಿ ವಿಫಲಗಳಿಗೆ ಅರ್ಧ, ಸ್ಟಾರ್ಟ್‌ಗಳಿಗೆ ಒಂದು ಸೇರುತ್ತದೆ) ಹಾಕಿದರೆ 0.5/61, ಅಂದರೆ 0.008. ಶೇ. 95 ಭರವಸೆಯ ಮೇಲ್ಮಿತಿ ಸುಮಾರು 3/60 = 0.05.

0.02 ಹುಟ್ಟುವುದು ಟೆಸ್ಟ್ ಅವಧಿಯಿಂದಲೂ. ನಿಂತಲ್ಲೇ ಕೆಡುವ ದರ (λ) ಗಂಟೆಗೆ 5 × 10⁻⁵, ತಿಂಗಳಿಗೊಮ್ಮೆ ಅಂದರೆ 720 ಗಂಟೆಗೆ (T) ಪರೀಕ್ಷೆ ಅಂತಿಟ್ಟರೆ, ದೋಷ ಸರಾಸರಿ ಅರ್ಧ ಅವಧಿ ಗೊತ್ತಾಗದೆ ಉಳಿಯುವುದರಿಂದ λT/2 = 0.018. ರಿಪೇರಿಗೆ ತಿಂಗಳಿಗೆ 8 ಗಂಟೆ ಹೊರಗಿದ್ದರೆ ಇನ್ನೂ 0.011 ಸೇರಿಸಿ. ಎರಡರ ಪರೀಕ್ಷೆಯನ್ನೂ ಒಂದೇ ದಿನ ಇಡಬೇಡಿ. ಹದಿನೈದು ದಿನ ಬಿಟ್ಟರೆ ಎರಡಕ್ಕೂ ಸಮಾನವಾದ ದೋಷ ಬೇಗ ಬಯಲಾಗುತ್ತದೆ.

ವಾಶಿ ಸೇತುವೆ
ಎಂಜಿನ್ ಬಿಸಿ ಮಾಡಿ, ಎಣ್ಣೆ ಹರಿಸಿ, ನಿಧಾನಕ್ಕೆ ಚಾಲೂ ಮಾಡಿದ ಟೆಸ್ಟನ್ನು ಆ 60ರಲ್ಲಿ ಎಣಿಸಿದ್ದೀರಾ ನೋಡಿ. ನಿಜವಾದ ಕರೆ ಬಂದಾಗ ಸೆಕೆಂಡುಗಳಲ್ಲಿ ಲೋಡ್ ಹೊರಬೇಕು. ಟೆಸ್ಟ್ ಮುಗಿದ ಮೇಲೆ ಸ್ವಿಚ್ ಮ್ಯಾನುವಲ್‌ನಲ್ಲೇ ಉಳಿದದ್ದಕ್ಕೂ ಒಂದು ಮಾನವ ದೋಷದ ಇವೆಂಟ್ ಬೇಕು. ಮತ್ತೆ, ಚಾಲೂ ಆಗದಿರುವುದು ಬೇರೆ, ನಡುವೆ ನಿಲ್ಲುವುದು ಬೇರೆ. ಗಂಟೆಗೆ 0.001 ಅಂದರೂ 24 ಗಂಟೆಗೆ 0.024, ನಿಮ್ಮ 0.02ಕ್ಕಿಂತ ಅದೇ ದೊಡ್ಡದು.